ಮಷೀನು ಮೊದಲು, ಮುಖ ಆಮೇಲೆ

ಗಡಿಯಾರದ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಯಲ್ ಬಗ್ಗೆಯೇ. ಬಿಡಿಭಾಗ ತರಿಸಿಕೊಂಡು, ಹಳೇ ಕಾಲದ್ದರ ಥರ ಕಾಣುವ ವಾಚನ್ನು ಮನೆಯಲ್ಲೇ ಜೋಡಿಸುವ ಹುಚ್ಚು ಮೈಸೂರು, ಮಂಡ್ಯದ ಕಡೆಗೂ ಬಂದಿದೆ ಅಂತ ಗೊತ್ತಿತ್ತು. ಇಷ್ಟೊಂದು ಜನಕ್ಕೆ ಹಿಡಿದಿದೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಬೆಲ್ಟು, ಬ್ಯಾಟರಿ, ನೀರು ಹೊಕ್ಕ ವಾಚುಗಳ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ.

ಪ್ರಶ್ನೆ: ಸಾರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಸೈಕೊ ಕಂಪನಿಯ ಎನ್‌ಎಚ್35 ಮಷೀನು (ವಾಚು ಓಡಿಸುವ ಒಳಗಿನ ಯಂತ್ರ) ತಗೊಂಡಿದ್ದೇನೆ, 36 ಮಿ.ಮೀ. ಕೇಸ್ ಕೂಡ ಬಂದಿದೆ. 1960ರ ದಶಕದ ವಾಚಿನ ಥರ ಕೆನೆ ಬಣ್ಣದ ಡಯಲ್ ಹಾಕಬೇಕು ಅಂತ ಆಸೆ. ಆನ್‌ಲೈನಲ್ಲಿ 700 ರೂಪಾಯಿಗೂ ಇದೆ, 6,000ಕ್ಕೂ ಇದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಒಳ್ಳೇದು ಯಾವುದು ಅಂತ ಹೇಗೆ ಗುರುತಿಸೋದು? — ಒಬ್ಬ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಮಷೀನು ಮೊದಲೇ ತಗೊಂಡಿದ್ದೀರಲ್ಲ, ಅಲ್ಲಿಗೆ ಅರ್ಧ ಕೆಲಸ ಸರಿಹೋಯಿತು. ಸುಮಾರು ಜನ ಚೆಂದ ಕಂಡಿತು ಅಂತ ಮೊದಲು ಡಯಲ್ ತರಿಸಿಬಿಡುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಮಷೀನು ಹುಡುಕುತ್ತಾ ಅಲೆಯುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನಾನೂ ಹೊಲಿಸಿದ್ದೆ, ಆ ಕಥೆ ಕೆಳಗೆ ಬರುತ್ತೆ.

ಮೊದಲು ಅಳತೆ. ಎನ್‌ಎಚ್35ಕ್ಕೆ ಅಂತ ಮಾರುವ ಡಯಲ್‌ಗಳು ಸಾಮಾನ್ಯವಾಗಿ 28.5 ಮಿ.ಮೀ. ಅಗಲ ಇರುತ್ತವೆ. ನಿಮ್ಮ ಕೇಸಿನವರು ಎಷ್ಟು ಅಂತ ಬರೆದಿದ್ದಾರೆ ನೋಡಿ, ಬರೆದಿದ್ದರೂ ವರ್ನಿಯರ್ ಕ್ಯಾಲಿಪರ್ ಹಿಡಿದು ನೀವೇ ಒಮ್ಮೆ ಅಳೆಯಿರಿ. ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ಇರುತ್ತೆ, ಅದಕ್ಕೆ ದುಡ್ಡು ಹಾಕಬೇಡಿ. ಡಯಲ್ ಕೂರುವ ಜಾಗಕ್ಕಿಂತ ಕಾಲು ಮಿಲಿಮೀಟರ್ ದೊಡ್ಡದಿದ್ದರೂ ಕೇಸಿನೊಳಕ್ಕೆ ಇಳಿಯಲ್ಲ. ಚಿಕ್ಕದಾದರೆ ಅಂಚಿನಲ್ಲಿ ಸಂದು ಕಾಣುತ್ತೆ, ಅದು ಇನ್ನೂ ಕೆಟ್ಟದು, ಯಾಕಂದ್ರೆ ದಿನಾ ಕಣ್ಣಿಗೆ ಬೀಳುತ್ತೆ.

ಎರಡನೇದು ಕಾಲು. ಡಯಲ್ ತಿರುಗಿಸಿ ನೋಡಿದರೆ ಹಿಂದೆ ಸೂಜಿಯಷ್ಟು ತೆಳ್ಳಗಿನ ಕಾಲುಗಳಿರುತ್ತವೆ. ಅವು ಮಷೀನಿನ ತೂತಿನಲ್ಲಿ ಕೂತರೆ ಮಾತ್ರ ಡಯಲ್ ಅಲ್ಲಾಡದೆ ನಿಲ್ಲುತ್ತೆ. ಸೈಕೊ ಡಯಲ್‌ಗಳಲ್ಲಿ ಬಹಳಷ್ಟಕ್ಕೆ ನಾಲ್ಕು ಕಾಲು ಕೊಟ್ಟಿರುತ್ತಾರೆ. ಕೀ ಮೂರು ಗಂಟೆ ಜಾಗದಲ್ಲಿರುವ ಕೇಸಿಗೆ ಒಂದು ಜೊತೆ, ಡೈವರ್ ವಾಚಿನ ಹಾಗೆ ಕೀ ನಾಲ್ಕರ ಹತ್ತಿರಕ್ಕೆ ಇಳಿದಿರುವ ಕೇಸಿಗೆ ಇನ್ನೊಂದು ಜೊತೆ. ನಿಮಗೆ ಬೇಡದ ಜೊತೆಯನ್ನು ಸಣ್ಣ ನಿಪ್ಪರ್‌ನಲ್ಲಿ ಕತ್ತರಿಸಿ, ಅರದಿಂದ ಸವರಿ ಮಟ್ಟ ಮಾಡಬೇಕು. ಕತ್ತರಿಸುವ ಮುಂಚೆ ಡಯಲನ್ನು ಮಷೀನಿನ ಪಕ್ಕ ಇಟ್ಟು ಯಾವುದು ಬೇಕು ಯಾವುದು ಬೇಡ ಅಂತ ಎರಡು ಸಲ ನೋಡಿ. ಒಬ್ಬರು ಬೇಕಾದ ಜೊತೆಯನ್ನೇ ಕತ್ತರಿಸಿಕೊಂಡು ಪತ್ರ ಬರೆದಿದ್ದಾರೆ. ಅವರ ಊರು ಹೇಳಲ್ಲ, ಪಾಪ.

ಮೂರನೇದು ತಾರೀಖಿನ ಕಿಟಕಿ. ಎನ್‌ಎಚ್35ರಲ್ಲಿ ತಾರೀಖು ಇದೆ. ಕಿಟಕಿ ಇಲ್ಲದ ಡಯಲ್ ಹಾಕಿದರೂ ವಾಚು ಓಡುತ್ತೆ, ಆದರೆ ಕೀ ಎಳೆದಾಗ ತಾರೀಖು ತಿರುಗಿಸುವ ಒಂದು ಮೆಟ್ಟಿಲು ಸುಮ್ನೆ ಉಳಿದುಕೊಂಡಿರುತ್ತೆ. ಅದು ನಿಮಗೆ ಕಿರಿಕಿರಿ ಅನ್ನಿಸುವುದಾದರೆ ತಾರೀಖಿಲ್ಲದ ಎನ್‌ಎಚ್38 ತಗೋಬೇಕಿತ್ತು. ನನಗೆ ಅದೇನೂ ಅನ್ನಿಸಲ್ಲ. ಕಿಟಕಿ ಇರುವ ಡಯಲ್ ಆರಿಸಿದರೆ ಮಾತ್ರ ಅಂಕಿ ಕಿಟಕಿಯ ಮಧ್ಯಕ್ಕೆ ಬರುತ್ತಾ ಅಂತ ಯಾರಾದರೂ ಜೋಡಿಸಿದ ಫೋಟೋದಲ್ಲಿ ನೋಡಿಕೊಳ್ಳಿ. ಅಗ್ಗದ ಡಯಲ್‌ಗಳಲ್ಲಿ ಹೆಚ್ಚಾಗಿ ಕೆಡುವ ಜಾಗ ಅದೇ.

ಇನ್ನು ಗುಣಮಟ್ಟ. ನನ್ನ ಮೊದಲ ಡಯಲ್ ಬಂದಾಗ ಮನೆಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಕುಣಿದಾಡಿದ್ದೆ. ಮಾರನೇ ದಿನ ಮೈಸೂರಿನ ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಒಂದು ಸಂದಿಯಲ್ಲಿ ನಲವತ್ತು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಐಗ್ಲಾಸನ್ನು, ಅಂದರೆ ವಾಚ್ ರಿಪೇರಿಯವರ ಪುಟ್ಟ ಭೂತಗನ್ನಡಿಯನ್ನು, ಕಣ್ಣಿಗೆ ಸಿಕ್ಕಿಸಿಕೊಂಡು, ಡಯಲನ್ನು ಚಿಮುಟದಲ್ಲಿ ಅಂಚು ಹಿಡಿದು, ಬೆಳಕಿಗೆ ಅಡ್ಡಡ್ಡ ಓರೆ ಮಾಡಿ ನೋಡಿದರು. ಒಂದು ನಿಮಿಷ ಮಾತಿಲ್ಲ. ಆಮೇಲೆ ಐಗ್ಲಾಸ್ ತೆಗೆದು ನನ್ನ ಕೈಗೆ ಕೊಟ್ಟು "ನೀವೇ ನೋಡಿ ಸಾರ್" ಅಂದರು. ನೋಡಿದರೆ ನಿಮಿಷದ ಗೀಟುಗಳು ಗೀಟೇ ಅಲ್ಲ, ಸಣ್ಣಸಣ್ಣ ಚುಕ್ಕೆಗಳ ಸಾಲು. ಅಂಚು ಗರಗಸದ ಹಾಗೆ. "ಪ್ರಿಂಟರಲ್ಲಿ ಹೊಡೆದಿರೋದು. ಮದುವೆ ಕಾರ್ಡ್ ಥರ" ಅಂದರು. ಸಾಲದ್ದಕ್ಕೆ ಅದು ನನ್ನ ಮಷೀನಿಗೆ ಹೊಂದುವ ಡಯಲೂ ಆಗಿರಲಿಲ್ಲ.

ಒಳ್ಳೇ ಡಯಲ್‌ಗೆ ಬೇರೆ ಕ್ರಮ ಇದೆ. ಲೋಹದ ಹಲಗೆಯ ಮೇಲೆ ಅಕ್ಷರ, ಗೀಟು ಎಲ್ಲ ಕೊರೆದಿರುತ್ತಾರೆ. ಅದರಲ್ಲಿ ಶಾಯಿ ತುಂಬಿ, ಮೇಲಿನದನ್ನು ಬ್ಲೇಡಿನಿಂದ ಸವರಿ ತೆಗೆದು, ಮೆತ್ತನೆಯ ಸಿಲಿಕಾನ್ ಉಂಡೆಯನ್ನು ಅದರ ಮೇಲೆ ಒತ್ತಿ, ಆ ಶಾಯಿಯನ್ನು ಎತ್ತಿ ತಂದು ಡಯಲ್ ಮೇಲೆ ಒತ್ತುತ್ತಾರೆ. ಇದಕ್ಕೆ ಪ್ಯಾಡ್ ಪ್ರಿಂಟಿಂಗ್ ಅಂತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಲ, ದಪ್ಪ ಬೇಕು ಅಂದರೆ ಅದೇ ಬಣ್ಣ ಎರಡು ಮೂರು ಸಲ. ಐಗ್ಲಾಸಿನಲ್ಲಿ ನೋಡಿದರೆ ಗೀಟಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರುತ್ತೆ, ಶಾಯಿ ಸ್ವಲ್ಪ ಉಬ್ಬಿರುತ್ತೆ, ಓರೆ ಬೆಳಕಿನಲ್ಲಿ ಅದಕ್ಕೊಂದು ಸಣ್ಣ ನೆರಳೂ ಬೀಳುತ್ತೆ. ಈ ನೆರಳು ಕಂಡರೆ ಸಾಕು, ನಾನು ದುಡ್ಡು ಕೊಡುತ್ತೇನೆ.

ಆನ್‌ಲೈನಲ್ಲಿ ಐಗ್ಲಾಸ್ ಇಟ್ಟು ನೋಡುವುದು ಹೇಗೆ ಅಂತೀರಾ? ಮಾರುವವರಿಗೆ ಬರೆದು ತೀರಾ ಹತ್ತಿರದ ಫೋಟೋ ಕೇಳಿ. ಆರು ಗಂಟೆ ಜಾಗದ್ದು ಒಂದು, ಹಿಂಬದಿಯದು ಒಂದು, ಜೊತೆಗೆ ಬೆಳಕಿನಲ್ಲಿ ಓರೆ ಮಾಡಿ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ. ಹಿಂಬದಿ ಯಾಕೆ ಅಂದರೆ, ಡಯಲ್ ಮೇಲೆ ಅಂಟಿಸಿರುವ ಲೋಹದ ಗಂಟೆ ಕಡ್ಡಿಗಳಿಗೂ ಪುಟ್ಟ ಕಾಲುಗಳಿರಬೇಕು, ಅವು ಡಯಲ್ ತೂತಿನಿಂದ ಹಿಂದಕ್ಕೆ ಬಂದಿರಬೇಕು. ಹಿಂದೆ ಏನೂ ಕಾಣದಿದ್ದರೆ ಬರೀ ಗೋಂದು. ಇವತ್ತು ನಿಲ್ಲುತ್ತೆ, ಎಂದೋ ಒಂದು ದಿನ ವಾಚು ಕೆಳಗೆ ಬಿದ್ದಾಗ ಒಂದು ಕಡ್ಡಿ ಉದುರಿ ಗ್ಲಾಸಿನೊಳಗೆ ಓಡಾಡುತ್ತೆ, ಮುಳ್ಳಿಗೆ ಸಿಕ್ಕಿಕೊಂಡು ವಾಚೇ ನಿಂತುಹೋಗುತ್ತೆ. ವಿಡಿಯೋ ಯಾಕೆ ಅಂದರೆ, ಮಧ್ಯದಿಂದ ಕಿರಣ ಹರಡಿದಂತೆ ಉಜ್ಜಿದ ಡಯಲ್‌ಗಳಲ್ಲಿ ಬೆಳಕಿನ ಪಟ್ಟಿ ಡಯಲ್ ಜೊತೆ ತಿರುಗಬಾರದು, ನಿಂತ ಜಾಗದಲ್ಲೇ ನಿಂತು ಹೊಳೆಯಬೇಕು. ಕಿರಣವನ್ನೂ ಪ್ರಿಂಟ್ ಮಾಡಿರುವ ಡಯಲ್‌ನಲ್ಲಿ ಪಟ್ಟಿಯೂ ಡಯಲ್ ಜೊತೆಗೇ ಗಿರಗಿರ ತಿರುಗುತ್ತೆ. ಫೋಟೋದಲ್ಲಿ ಇದು ಏನು ಮಾಡಿದರೂ ಗೊತ್ತಾಗಲ್ಲ. ಫೋಟೋ ಕೇಳಿದ್ದಕ್ಕೆ ಉತ್ತರವೇ ಕೊಡದವರ ಹತ್ತಿರ ತಗೋಬೇಡಿ, ಎಷ್ಟೇ ಅಗ್ಗ ಇರಲಿ.

ಕೆನೆ ಬಣ್ಣ ಬಿಟ್ಟು ಕಪ್ಪು ಡಯಲ್ ಮೇಲೆ ಚಿನ್ನದ ಅಕ್ಷರದ ಕಡೆಗೆ ಮನಸ್ಸು ಹೊರಳಿದರೆ, ಹೊರಳುತ್ತೆ, ಎಲ್ಲರಿಗೂ ಹೊರಳುತ್ತೆ, ಆಗ ಒಂದು ನೆನಪಿಡಿ. ಹಳೇ ಕಾಲದ ಒಳ್ಳೇ ಡಯಲ್‌ಗಳಲ್ಲಿ ಆ ಅಕ್ಷರ ಮೇಲೆ ಬರೆದದ್ದಲ್ಲ. ಅಕ್ಷರದ ಜಾಗವನ್ನು ಮುಚ್ಚಿಟ್ಟು ಸುತ್ತಲೂ ಕಪ್ಪು ಲೇಪ ಕೊಟ್ಟಿರುತ್ತಾರೆ, ಆಮೇಲೆ ಮುಚ್ಚಿದ್ದನ್ನು ತೆಗೆದರೆ ಕೆಳಗಿನ ಹಿತ್ತಾಳೆ ಅಕ್ಷರವಾಗಿ ಕಾಣುತ್ತೆ. ಐಗ್ಲಾಸಿನಲ್ಲಿ ಅಕ್ಷರ ಕಪ್ಪಿಗಿಂತ ತಗ್ಗಿನಲ್ಲಿರುತ್ತೆ. ಈಗಿನ ಬಹುಪಾಲು ಡಯಲ್‌ಗಳಲ್ಲಿ ಕಪ್ಪಿನ ಮೇಲೆ ಚಿನ್ನದ ಬಣ್ಣದ ಶಾಯಿ. ಅದೂ ಚೆನ್ನಾಗೇ ಕಾಣಬಹುದು, ಆದರೆ ಅದಕ್ಕೆ ಅಸಲಿ ಕೆಲಸದ ಬೆಲೆ ಕೊಡಬೇಡಿ.

ಮುಳ್ಳುಗಳನ್ನೂ ಡಯಲ್ ಜೊತೆಗೇ, ಸಾಧ್ಯವಾದರೆ ಒಂದೇ ಅಂಗಡಿಯಿಂದ ತಗೊಳ್ಳಿ. ಎನ್‌ಎಚ್35ಕ್ಕೆ ಗಂಟೆ ಮುಳ್ಳಿನ ತೂತು 1.50, ನಿಮಿಷದ್ದು 0.90, ಸೆಕೆಂಡಿನದು 0.20 ಮಿ.ಮೀ. ಸ್ವಿಸ್ ಮಷೀನಾದ ಇಟಿಎ 2824ಕ್ಕೆ ಮೊದಲ ಎರಡು ಇಷ್ಟೇ, ಸೆಕೆಂಡಿನದು ಮಾತ್ರ 0.25. ಬರೀ 0.05ರ ವ್ಯತ್ಯಾಸ ಅಲ್ವಾ ಅಂತ ಆ ಮುಳ್ಳು ತಂದರೆ ಅದು ನಿಮ್ಮ ಮಷೀನಿನ ಮೇಲೆ ನಿಲ್ಲದೆ ಬಿದ್ದುಹೋಗುತ್ತೆ. ನಿಮಿಷದ ಮುಳ್ಳಿನ ತುದಿ ನಿಮಿಷದ ಗೀಟನ್ನು ಮುಟ್ಟಬೇಕು. ಎರಡು ಮಿಲಿಮೀಟರ್ ಗಿಡ್ಡವಾದರೂ ಇಡೀ ವಾಚು ತಮ್ಮನ ಪ್ಯಾಂಟು ಅಣ್ಣ ಹಾಕಿಕೊಂಡ ಹಾಗೆ ಕಾಣುತ್ತೆ. ಕತ್ತಲಲ್ಲಿ ಹೊಳೆಯುವ ಬಣ್ಣವೂ ಅಷ್ಟೆ. ಡಯಲ್ ಮೇಲೆ ಹಸಿರು ಹೊಳೆಯುವ ಸಿ3, ಮುಳ್ಳಿನಲ್ಲಿ ನೀಲಿ ಹೊಳೆಯುವ ಬಿಜಿಡಬ್ಲ್ಯೂ9 ಆದರೆ ಹಗಲಿಗೂ ಹೊಂದಲ್ಲ, ರಾತ್ರಿಗೂ ಹೊಂದಲ್ಲ.

ಎಲ್ಲಿ ತಗೊಳ್ಳೋದು? ಅಲಿಎಕ್ಸ್‌ಪ್ರೆಸ್ ಆ್ಯಪ್ 2020ರ ನವೆಂಬರ್‌ನಲ್ಲಿ ನಮ್ಮಲ್ಲಿ ನಿಷೇಧ ಆಯಿತು. ಸೈಕೊ ಬಿಡಿಭಾಗಕ್ಕೆ ಸಿಂಗಪುರದ ನಮೋಕಿ ಅನ್ನುವ ಅಂಗಡಿ ಹೆಸರು ಮಾಡಿದೆ. ಇಬೇಯಲ್ಲೂ ಮಾರುವವರಿದ್ದಾರೆ, ಅಲ್ಲಿ ಅಂಗಡಿಯ ಹೆಸರಿಗಿಂತ ಕೊಂಡವರು ಹಾಕಿದ ಫೋಟೋ ನಂಬಿ. ಹೊರದೇಶದಿಂದ ತರಿಸಿದರೆ ಸುಂಕ, ಅಂಚೆ ಎಲ್ಲ ಸೇರಿ ಲೆಕ್ಕ ಹಾಕಿ. ಎರಡು ಸಲ ಒಂದೊಂದು ತರಿಸುವ ಬದಲು ಗೆಳೆಯರು ಸೇರಿ ಒಂದೇ ಸಲ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತೆ. ನಿಮ್ಮ 700ಕ್ಕೂ 6,000ಕ್ಕೂ ಉತ್ತರ ಕೇಳಿದಿರಲ್ಲ, ಮಧ್ಯದಲ್ಲಿ ಎಲ್ಲೋ ಇರುವ, ಹಿಂಬದಿಯ ಫೋಟೋ ಕೊಟ್ಟ ಡಯಲ್ ತಗೊಳ್ಳಿ.

ಪ್ರಶ್ನೆ: ಎನ್‌ಎಚ್35ರ ಡಯಲ್ ಒಂದು ಸುಮ್ನೆ ಇದೆ. ಕಾಲು ಕತ್ತರಿಸಿ, ಫೆವಿಕ್ವಿಕ್ ಹಾಕಿ ನನ್ನ ಎಚ್‌ಎಂಟಿ ಮೇಲೆ ಕೂರಿಸಬಹುದಾ? — ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೇಡ ಸ್ವಾಮಿ. ಎಚ್‌ಎಂಟಿಯ ಮಷೀನು ಬೇರೆ, ಕಾಲಿನ ಜಾಗ ಬೇರೆ, ಡಯಲ್ ಕೂರುವ ಅಳತೆ ಬೇರೆ. ಆ ಫೆವಿಕ್ವಿಕ್ ಅಂತೂ ಬೇಡವೇ ಬೇಡ. ಅದು ಒಣಗುವಾಗ ಬರುವ ಆವಿ ಡಯಲ್ ಮೇಲೆ, ಗ್ಲಾಸಿನ ಒಳಗೆ ಬೆಳ್ಳಗೆ ಮಂಜಿನ ಥರ ಕೂರುತ್ತೆ, ಒಂದು ಹನಿ ಮಷೀನಿಗೆ ಇಳಿದರೆ ಅಲ್ಲಿಗೆ ಕಥೆ ಮುಗಿಯಿತು. ಕಾಲು ಮುರಿದ ಡಯಲನ್ನು ಅದರದೇ ಮಷೀನಿನ ಮೇಲೆ ಕೂರಿಸಬೇಕಾದರೆ ಅದಕ್ಕೆ ಅಂತಲೇ ತೆಳ್ಳನೆಯ ಎರಡು ಬದಿ ಅಂಟುವ ಬಿಲ್ಲೆ ಬರುತ್ತೆ, ವಾಚ್ ಮೆಟೀರಿಯಲ್ ಅಂಗಡಿಯಲ್ಲಿ ಡಯಲ್ ಡಾಟ್ ಅಂತ ಕೇಳಿ. ತಾರೀಖಿನ ಚಕ್ರಕ್ಕೆ ತಾಗದ ಹಾಗೆ ಅಂಟಿಸಬೇಕು.

ಪ್ರಶ್ನೆ: ನಮ್ಮ ತಂದೆಯವರ ಎಚ್‌ಎಂಟಿ ಜನತಾ ಇದೆ. ಅವರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ತಗೊಂಡದ್ದು. ಮಷೀನು ಚೆನ್ನಾಗಿ ಓಡುತ್ತೆ, ಡಯಲ್ ಮಾತ್ರ ಕಂದು ಕಲೆ ಬಿದ್ದು, ಒಂದು ಕಡೆ ಕಪ್ಪಾಗಿದೆ. ಅಂಗಡಿಯವರು 400 ರೂಪಾಯಿಗೆ ಹೊಸ ಡಯಲ್ ಹಾಕಿ ಫಳಫಳ ಮಾಡಿಕೊಡುತ್ತೇನೆ ಅಂತಾರೆ. ಹಾಕಿಸಲಾ? — ಒಬ್ಬ ಓದುಗ, ಮಂಡ್ಯ

ಉತ್ತರ: ಹಾಕಿಸಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ, ವಾಚು ನಿಮ್ಮ ತಂದೆಯವರದು. ನನ್ನದಾಗಿದ್ದರೆ ಹಾಕಿಸುತ್ತಿರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರು ಮಾಡಿತು, ಆಮೇಲೆ ತುಮಕೂರಿನಲ್ಲೂ ಬಂತು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಯಿತು. ಅಂದರೆ ಆ ಕಾಲದ ಕಾರ್ಖಾನೆಯ ಡಯಲ್ ಎಷ್ಟು ಉಳಿದಿದೆಯೋ ಅಷ್ಟೇ. ಅಂಗಡಿಯವರು 400ಕ್ಕೆ ಹಾಕುತ್ತೇನೆ ಅನ್ನುವುದು ಬಹುತೇಕ ಈಚೆಗೆ ಎಲ್ಲೋ ಪ್ರಿಂಟ್ ಮಾಡಿದ್ದು, ಇಲ್ಲವೇ ಹಳೇ ಡಯಲನ್ನೇ ಉಜ್ಜಿ ಬಣ್ಣ ಹೊಡೆದು ಮತ್ತೆ ಅಕ್ಷರ ಒತ್ತಿದ್ದು. ಹೀಗೆ ಬಣ್ಣ ಹೊಡೆದು ತಯಾರಾದ ವಾಚುಗಳಿಗೆ ಹೊರದೇಶದವರು ಮುಂಬೈ ಸ್ಪೆಷಲ್ ಅಂತ ಅಡ್ಡಹೆಸರೇ ಇಟ್ಟಿದ್ದಾರೆ. ಜನತಾಗೂ ಎಚ್‌ಎಂಟಿಯದೇ ಇನ್ನೊಂದು ಮಾದರಿ ಪೈಲಟ್‌ಗೂ ಅದೇ 17 ಜ್ಯೂಯೆಲ್‌ನ ಕೀ ಕೊಡುವ ಮಷೀನು ಬರುತ್ತಿದ್ದರಿಂದ, ಜನತಾಕ್ಕೆ ಪೈಲಟ್ ಡಯಲ್ ಹಾಕಿ ಮಾರುವುದೂ ನಡೆಯುತ್ತೆ. ಗಿಳಿ ಹಸಿರು, ಕಿತ್ತಳೆ ಬಣ್ಣದ ಪೈಲಟ್ ಕಂಡರೆ ಮೊದಲು ಅನುಮಾನ ಪಡಿ, ಆಮೇಲೆ ಬೆಲೆ ಕೇಳಿ.

ನಾನು ಹಾಳು ಮಾಡಿದ್ದು ಒಂದಿದೆ, ಹೇಳಿಬಿಡುತ್ತೇನೆ. ನಮ್ಮ ಸೋದರಮಾವನ ವಾಚಿನ ಡಯಲ್ ಮೇಲೆ ಧೂಳು ಕೂತಿತ್ತು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ, ಹಗುರವಾಗಿಯೇ, ಒಂದು ಸಲ ಸವರಿದೆ. ಧೂಳು ಹೋಯಿತು. ಹತ್ತಿ ತಿರುಗಿಸಿ ನೋಡಿದರೆ ಅದರ ತುದಿಯಲ್ಲಿ ಕಪ್ಪಗೆ ಎಚ್‌ಎಂಟಿಯ ಒಂದು ಅಕ್ಷರ, ಉಲ್ಟಾ. ಡಯಲ್ ಮೇಲೆ ಆ ಜಾಗದಲ್ಲಿ ಬರೀ ಬೆಳ್ಳಿ ಬಣ್ಣ. ಹಳೇ ಡಯಲ್‌ನಲ್ಲಿ ಮೇಲಿನ ವಾರ್ನಿಷ್ ಪೊರೆ ಸತ್ತಿರುತ್ತೆ, ಅಕ್ಷರಕ್ಕೆ ಹಿಡಿತವೇ ಇರಲ್ಲ. ಮಾವ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕಷ್ಟ ಆಯಿತು.

ಹಾಗಾಗಿ ಮುಟ್ಟಬೇಡಿ, ಉಜ್ಜಬೇಡಿ. ಗಾಳಿ ಊದುವ ರಬ್ಬರ್ ಬುರುಡೆಯಲ್ಲಿ ಧೂಳು ಹೊಡೆಸಿ, ಗ್ಲಾಸ್ ಬದಲಾಯಿಸಿ, ಮಷೀನು ಸರ್ವಿಸ್ ಮಾಡಿಸಿ. ಬರೀ ಗ್ಲಾಸ್ ಹೊಸದಾದರೂ ಡಯಲ್ ಎಷ್ಟು ಸುಧಾರಿಸಿದ ಹಾಗೆ ಕಾಣುತ್ತೆ ಅಂತ ನಿಮಗೇ ಆಶ್ಚರ್ಯ ಆಗುತ್ತೆ. ಅಷ್ಟಾದ ಮೇಲೂ ತಂದೆಯವರಿಗೇ ಹೊಸ ಡಯಲ್ ಬೇಕು ಅನ್ನಿಸಿದರೆ ಹಾಕಿಸಿ, ಆದರೆ ಹಳೇ ಡಯಲ್ ಅಂಗಡಿಯವರ ಡಬ್ಬಿಗೆ ಹೋಗದ ಹಾಗೆ ನೋಡಿಕೊಳ್ಳಿ. "ಹಳೇದು ನನಗೆ ಬೇಕು" ಅಂತ ವಾಚು ಕೊಡುವಾಗಲೇ ಹೇಳಿ, ಆಮೇಲೆ ಹೇಳಿದರೆ ಸಿಗಲ್ಲ. ಮನೆಗೆ ತಂದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಅವರ ವಾಚು ಹಾಗೇ ಇರಲಿ, ನನಗೊಂದು ಫಳಫಳ ಅನ್ನುವುದು ಬೇಕು ಅಂತಿದ್ದರೆ ಮೇಲಿನ ವಿದ್ಯಾರ್ಥಿಯ ದಾರಿ ಹಿಡಿಯಿರಿ. ಹೊಸ ಕೇಸು, ಹೊಸ ಮಷೀನು, ಜನತಾದ ಹಾಗೆ ಕಾಣುವ ಸರಳ ಡಯಲ್. ಅಪ್ಪನದು ಅಪ್ಪನಿಗೆ, ನಿಮ್ಮದು ನಿಮಗೆ.

ಪ್ರಶ್ನೆ: ಅಣ್ಣ, ದೊಡ್ಡ ಸ್ವಿಸ್ ಕಂಪನಿಯ ಹೆಸರು, ಗುರುತು ಎಲ್ಲ ಇರುವ ಡಯಲ್ 900 ರೂಪಾಯಿಗೆ ಸಿಗುತ್ತಿದೆ. ನಾನು ಮಾರಲ್ಲ, ನನಗೆ ಮಾತ್ರ. ತಪ್ಪೇನು? — ಮದ್ದೂರು

ಉತ್ತರ: 900ಕ್ಕೆ ಸಿಗುವ ಆ ಹೆಸರು ಕಳ್ಳ ಹೆಸರು ತಮ್ಮಾ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಹಾಗೆ ಹೆಸರು ಹಾಕುವುದೂ ಮಾರುವುದೂ ಅಪರಾಧ, ಹೊರಗಿನಿಂದ ತರಿಸಿದರೆ ಕಸ್ಟಮ್ಸ್‌ನವರು ತಡೆದು ಇಟ್ಟುಕೊಳ್ಳಬಹುದು. ಕಾನೂನು ಪಕ್ಕಕ್ಕಿಡಿ. ನೀವು ಕೂತು ಜೋಡಿಸಿದ ವಾಚು ನೋಡಿ ಯಾರಾದರೂ "ಅಸಲಿನಾ?" ಅಂತ ಕೇಳಿದಾಗ ಏನು ಹೇಳುತ್ತೀರಿ? ನಾಳೆ ನಿಮ್ಮ ಕೈಯಿಂದ ಅದು ಇನ್ನೊಬ್ಬರಿಗೆ ಹೋಗುತ್ತೆ, ಅವರು ಅಸಲಿ ಅಂತ ಮಾರುತ್ತಾರೆ. ಹೆಸರೇ ಇಲ್ಲದ ಬೋಳು ಡಯಲ್ ಬೇಕಾದಷ್ಟು ಸಿಗುತ್ತೆ. ಅರ್ಧ ರೋಮನ್ ಅರ್ಧ ಮಾಮೂಲಿ ಅಂಕಿಯ ಕ್ಯಾಲಿಫೋರ್ನಿಯಾ ಡಯಲ್, ವೃತ್ತದೊಳಗೆ ವೃತ್ತ ಎಳೆದ ಸೆಕ್ಟರ್ ಡಯಲ್, ಇವೆಲ್ಲ ಹಳೇ ಶೈಲಿ, ಯಾರೊಬ್ಬರ ಸ್ವತ್ತೂ ಅಲ್ಲ. ಹೆಸರಿಲ್ಲದ ಡಯಲ್‌ನಲ್ಲಿ ಹನ್ನೆರಡರ ಕೆಳಗೆ ಉಳಿಯುವ ಆ ಖಾಲಿ ಜಾಗ ಮೊದಲು ಬೋಳು ಅನ್ನಿಸುತ್ತೆ. ಒಂದು ವಾರದಲ್ಲಿ ರೂಢಿ ಆಗುತ್ತೆ, ಆಮೇಲೆ ಅದೇ ಇಷ್ಟ ಆಗುತ್ತೆ.

ಪ್ರಶ್ನೆ: ನಾನು ಹಳದಿ ಛಾಯೆಯ "ಓಲ್ಡ್ ರೇಡಿಯಂ" ಡಯಲ್ ಆರ್ಡರ್ ಮಾಡಿದ್ದೇನೆ. ಅಮ್ಮ ಎಲ್ಲೋ ಓದಿ, ರೇಡಿಯಂ ಅಂದ್ರೆ ವಿಷ, ಮನೆಯೊಳಗೆ ತರಬೇಡ ಅಂತಿದ್ದಾರೆ. ಅಮ್ಮ ಹೇಳೋದು ನಿಜವಾ? — ಓದುಗಿ, ಹೆಬ್ಬಾಳು, ಮೈಸೂರು

ಉತ್ತರ: ಅಮ್ಮ ಓದಿದ್ದು ನಿಜ. ನಿಮ್ಮ ಡಯಲ್ ವಿಷಯಕ್ಕೆ ಮಾತ್ರ ಅದು ಅನ್ವಯ ಆಗಲ್ಲ. ಓಲ್ಡ್ ರೇಡಿಯಂ ಅನ್ನುವುದು ಬರೀ ಬಣ್ಣದ ಹೆಸರು, ಹಳೇ ರೇಡಿಯಂ ಡಯಲ್ ವಯಸ್ಸಾಗಿ ಹಳದಿ ತಿರುಗಿದ ಛಾಯೆ. ನಮ್ಮಲ್ಲಿ ಬೈಕಿಗೆ ಅಂಟಿಸುವ ಸ್ಟಿಕ್ಕರಿಗೂ ರೇಡಿಯಂ ಅಂತೀವಿ, ಅದರಲ್ಲಿ ರೇಡಿಯಂ ಎಲ್ಲಿದೆ? 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿ ತಂದ ಲ್ಯೂಮಿನೋವಾ, ಅದರ ಸ್ವಿಸ್ ರೂಪ ಸೂಪರ್ ಲ್ಯೂಮಿನೋವಾ, ಇವುಗಳಲ್ಲಿ ವಿಕಿರಣ ಇಲ್ಲ. ಬೆಳಕು ಕುಡಿದು ಕತ್ತಲಲ್ಲಿ ಬಿಡುತ್ತವೆ, ಅಷ್ಟೆ.

ಆದರೆ ಅಮ್ಮನ ಭಯಕ್ಕೆ ಕಾರಣ ಇದೆ. ನಿಜವಾದ ರೇಡಿಯಂ ಬಣ್ಣ 1960ರ ದಶಕದವರೆಗೂ ಡಯಲ್‌ಗಳಲ್ಲಿ ಇತ್ತು. ನೂರು ವರ್ಷದ ಹಿಂದೆ ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿ ಚೂಪಾಗಲಿ ಅಂತ ತುಟಿಗೆ ಒತ್ತಿಕೊಳ್ಳುತ್ತಿದ್ದರು, ದವಡೆಯ ಮೂಳೆ ಕೊಳೆತು ಸತ್ತವರಿದ್ದಾರೆ. ರೇಡಿಯಂನ ಶಕ್ತಿ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಹಾಗಾಗಿ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲೋ ಇನ್ನೆಲ್ಲೋ ತುಂಬಾ ಹಳೇ ಮಿಲಿಟರಿ ಥರದ ವಾಚು ಸಿಕ್ಕಿ, ಕಂದು ಬಣ್ಣದ ಗಂಟೆ ಅಂಕಿ ಇದ್ದು, ಕತ್ತಲಲ್ಲಿ ಹೊಳೆಯದೇ ಇದ್ದರೆ ಅದು ಸತ್ತಿದೆ ಅಂದುಕೊಳ್ಳಬೇಡಿ. ಹೊಳೆಯುವ ಪುಡಿ ಮಾತ್ರ ಸತ್ತಿರುತ್ತೆ, ರೇಡಿಯಂ ಇದ್ದೇ ಇರುತ್ತೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು, ಅಂಕಿಯ ಬಣ್ಣ ಕೆರೆಯಬಾರದು, ಆ ಪುಡಿ ಮೂಗಿಗೆ ಬಾಯಿಗೆ ಹೋಗಬಾರದು. ಹಳೇ ಡಯಲನ್ನು ಹೊಸ ವಾಚಿಗೆ ಹಾಕುವ ಆಸೆ ಇರುವವರಿಗೂ ಇದೇ ಮಾತು. ಆರು ಗಂಟೆಯ ಕೆಳಗೆ ಸ್ವಿಸ್ ಪದದ ಆಚೀಚೆ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ, ಅದರ ಅರ್ಧಾಯುಷ್ಯ 12 ವರ್ಷ ಚಿಲ್ಲರೆ, ಅಷ್ಟು ಭಯ ಇಲ್ಲ.

ನಿಮ್ಮ ಡಯಲ್ ಬಂದ ಮೇಲೆ ಅಮ್ಮನಿಗೆ ಈ ಪುಟ ತೋರಿಸಿ.

ಪ್ರಶ್ನೆ: ಎನಾಮೆಲ್ ಡಯಲ್ ಅಂತ 1,500ಕ್ಕೆ ಮಾರುತ್ತಿದ್ದಾರೆ. ತಗೊಳ್ಳಲಾ? — ಪಾಂಡವಪುರ

ಉತ್ತರ: ನಿಜವಾದ ಎನಾಮೆಲ್ ಅಂದರೆ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಹಾಕಿ 800 ಡಿಗ್ರಿ ಆಸುಪಾಸಿನಲ್ಲಿ ಸುಡುವುದು, ಹಾಗೆ ಹಲವು ಸಲ. ಒಂದರಲ್ಲಿ ಬಿರುಕು ಬಂದರೂ ಬಿಸಾಕಬೇಕು. 1,500ಕ್ಕೆ ಬರುವುದು ಬಿಳಿ ಮೆರುಗೆಣ್ಣೆ. ಬಿಳುಪು ಚೆನ್ನಾಗಿದ್ದರೆ ಮೆರುಗೆಣ್ಣೆ ಅಂತ ತಿಳಿದೇ ತಗೊಳ್ಳಿ. ಅಸಲಿ ಎನಾಮೆಲ್ ಮಾಮೂಲಿ ಡಯಲ್‌ಗಿಂತ ದಪ್ಪ, ಮುಳ್ಳು ಕೂರುವುದಕ್ಕೆ ಜಾಗ ಸಾಲದೆ ಹೋಗಬಹುದು, ಅದನ್ನೂ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಗೋಪುರದಲ್ಲಿ ಇರುವ ಹಾಗೆ ಕನ್ನಡ ಅಂಕಿಯ ಡಯಲ್ ನನ್ನ ಕೈಗಡಿಯಾರಕ್ಕೆ ಬೇಕು. ಹುಡುಕಿ ಹುಡುಕಿ ಸಾಕಾಯಿತು, ಮನಸ್ಸಿಗೆ ಒಪ್ಪುವುದು ಸಿಗಲಿಲ್ಲ. ನಾನೇ ಮಾಡಿಸಬಹುದಾ? — ಒಬ್ಬ ಶಿಕ್ಷಕರು, ಒಂಟಿಕೊಪ್ಪಲು, ಮೈಸೂರು

ಉತ್ತರ: ಮೇಷ್ಟ್ರೇ, ಈ ಪತ್ರಕ್ಕಾಗಿ ಕಾಯುತ್ತಿದ್ದೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು. ದಿನಾ ಅದರ ಕೆಳಗೆ ಓಡಾಡಿಯೂ ಅಂಕಿ ಕನ್ನಡದ್ದು ಅಂತ ಗಮನಿಸದವರು ಎಷ್ಟೋ ಜನ.

ಮಾಡಿಸಬಹುದು. ಕಾಲು ಸಮೇತ ಬರುವ ಬೋಳು ಡಯಲ್ ಸಿಗುತ್ತೆ, 28.5ರದು. ಅದರ ಮೇಲೆ ಅಂಕಿ ತರಲು ಮೂರು ದಾರಿ. ಪ್ಯಾಡ್ ಪ್ರಿಂಟಿಂಗ್ ಎಲ್ಲಕ್ಕಿಂತ ಚೆಂದ, ಆದರೆ ಖರ್ಚೆಲ್ಲ ಆ ಕೊರೆದ ಹಲಗೆಗೇ ಹೋಗುವುದರಿಂದ ಒಂದೇ ಡಯಲ್ ಯಾರೂ ಮಾಡಿಕೊಡಲ್ಲ, ಹತ್ತಾರು ಜನ ಸೇರಬೇಕು. ಎರಡನೇದು ಯುವಿ ಪ್ರಿಂಟ್, ಟ್ರೋಫಿ, ನಾಮಫಲಕ ಮಾಡುವ ಅಂಗಡಿಗಳಲ್ಲಿ ಮಷೀನು ಇರುತ್ತೆ. ಐಗ್ಲಾಸಿನಲ್ಲಿ ಅಂಚು ಸ್ವಲ್ಪ ಒರಟು ಕಾಣಬಹುದು, ಬರಿಗಣ್ಣಿಗೆ ಪರವಾಗಿಲ್ಲ. ಮೂರನೇದು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಹಾಳೆ, ಲೇಸರ್ ಪ್ರಿಂಟರಿನಲ್ಲಿ ಹೊಡೆದು ಮನೆಯಲ್ಲೇ ಮಾಡಬಹುದು, ಮೇಲೆ ತೆಳ್ಳಗೆ ವಾರ್ನಿಷ್. ಮದುವೆ ಕಾರ್ಡ್ ಅಂತ ಬೈದವನು ನಾನೇ, ಆದರೂ ಮೊದಲ ಪ್ರಯೋಗಕ್ಕೆ ಇದನ್ನೇ ಹೇಳುತ್ತೇನೆ. ನಾಲ್ಕು ಕೆಟ್ಟರೂ ಹಾಳೆ ಮಾತ್ರ ಹಾಳು.

ಕಷ್ಟ ಇರುವುದು ಅಂಕಿಯಲ್ಲಿ. ನಾನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದ್ದೇನೆ. ಇಷ್ಟು ಸಣ್ಣ ಡಯಲ್‌ನಲ್ಲಿ ಅಂಕಿಯ ಎತ್ತರ ಮೂರು ಮಿಲಿಮೀಟರ್ ಸಿಕ್ಕರೆ ಹೆಚ್ಚು. ಆ ಅಳತೆಯಲ್ಲಿ ೧ರ ಕೆಳಗಿನ ಬಾಯಿ ಮುಚ್ಚಿಕೊಂಡು ೦ ಥರ ಕಾಣುತ್ತೆ, ಹಾಗಾಗಿ ಅಕ್ಕಪಕ್ಕದಲ್ಲೇ ಇರುವ ೧೦ ಮತ್ತು ೧೧ ಅವಳಿ ಮಕ್ಕಳಾಗಿಬಿಡುತ್ತವೆ. ೬ಕ್ಕೂ ೯ಕ್ಕೂ ಕೆಲವು ಫಾಂಟ್‌ಗಳಲ್ಲಿ ವ್ಯತ್ಯಾಸ ಒಂದು ಕೊಕ್ಕೆ ಮಾತ್ರ, ಆ ಕೊಕ್ಕೆ ಶಾಯಿಯಲ್ಲಿ ತುಂಬಿಹೋಗುತ್ತೆ. ಆದ್ದರಿಂದ ಒಳಗಿನ ಬಯಲು ದೊಡ್ಡದಿರುವ, ಗೀಟಿನ ದಪ್ಪ ಒಂದೇ ಸಮ ಇರುವ ಫಾಂಟ್ ಆರಿಸಿ, ೧ರ ಬಾಯಿಯನ್ನು ನೀವೇ ಸ್ವಲ್ಪ ಅಗಲಿಸಿ. ಅಂಕಿಗಳನ್ನು ಸುತ್ತಲೂ ಕಿರಣದ ಹಾಗೆ ಓರೆ ನಿಲ್ಲಿಸಬೇಡಿ, ಕೆಳಗಿನವು ತಲೆಕೆಳಗಾಗಿ ಓದಲು ತಿಣುಕಬೇಕಾಗುತ್ತೆ. ಎಲ್ಲವೂ ನೆಟ್ಟಗೆ ನಿಲ್ಲಲಿ. ಹನ್ನೆರಡೂ ಬೇಡ ಅನ್ನಿಸಿದರೆ ೧೨, ೩, ೬, ೯ ಮಾತ್ರ ಇಟ್ಟು ಉಳಿದ ಕಡೆ ಗೀಟು ಹಾಕಿದರೂ ಅಂದವೇ.

ಫೈಲ್ ಕಳಿಸುವಾಗ ಅಂಕಿಗಳನ್ನು ಫಾಂಟ್ ಆಗಿ ಬಿಡಬೇಡಿ, ಗೆರೆಯ ಚಿತ್ರವಾಗಿ ಮಾರ್ಪಡಿಸಿ ಕಳಿಸಿ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ್ದನ್ನು ಹಾಗೇ ಕಳಿಸಿದರೆ ಆ ಕಡೆಯವರ ಕಂಪ್ಯೂಟರಿನಲ್ಲಿ ಇನ್ನೇನೋ ಆಗಿ ತೆರೆದುಕೊಳ್ಳುತ್ತೆ, ಅವರಿಗೆ ಕನ್ನಡ ಬರಲ್ಲ, ಬಂದದ್ದನ್ನೇ ಒತ್ತಿ ಕಳಿಸುತ್ತಾರೆ. ದುಡ್ಡು ಕೊಡುವ ಮುಂಚೆ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಗುಂಡಗೆ ಕತ್ತರಿಸಿ, ಕೇಸಿನೊಳಗಿಟ್ಟು, ಮೇಲೆ ಗ್ಲಾಸ್ ಮುಚ್ಚಿ, ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ನೋಡಿ. ಒಂದು ಸಂಜೆ ನಿಮ್ಮ ಮಕ್ಕಳಿಗೂ ತೋರಿಸಿ ಗಂಟೆ ಎಷ್ಟು ಅಂತ ಕೇಳಿ. ಅವರು ತಡವರಿಸಿದ ಅಂಕಿಯನ್ನು ತಿದ್ದಿ.

ಹತ್ತು ಜನ ಸೇರಿ ಪ್ಯಾಡ್ ಪ್ರಿಂಟ್ ಮಾಡಿಸುವ ಹಾಗಾದರೆ ನನಗೂ ಒಂದು ಸೇರಿಸಿಕೊಳ್ಳಿ. ಕೆನೆ ಬಣ್ಣ, ತಾರೀಖಿನ ಕಿಟಕಿ ಬೇಡ, ಕಾಲು ಮೂರು ಗಂಟೆ ಕೀಗೆ. ದುಡ್ಡು ಮುಂಗಡವಾಗಿ ಕೊಡುತ್ತೇನೆ.